ಎರಡು ಗೋಡೆಗಳ ನಡುವಿನ ನಾಲ್ಕು ಅಡಿ

ಶಸ್ತ್ರ ವ್ಯಾಪಾರವನ್ನು ನಾನು ಮಾಡಿದ್ದು ಸೈನ್ಯದಲ್ಲಿದ್ದಾಗ ಅಲ್ಲ. ಪಿಂಚಣಿಗೆ ಬಂದು ಇಪ್ಪತ್ತೈದು ವರ್ಷವಾದ ಮೇಲೆ, ಒಡಹುಟ್ಟಿದ ಅಕ್ಕನ ಮನೆಯಲ್ಲಿ ಮಾಡಿದೆ. ಗೊತ್ತಿಲ್ಲದೆ ಆಯಿತು ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಕಂಬ ಎಷ್ಟು ಎತ್ತರ, ತಂತಿ ಎಷ್ಟು ಸಾಲು, ಕ್ಯಾಮೆರಾ ಯಾವ ಕೋನಕ್ಕೆ ಎಂದು ಚೀಟಿಯಲ್ಲಿ ಬರೆದುಕೊಟ್ಟವನು ನಾನೇ. ಚೀಟಿಯ ಕೆಳಗೆ ಸಹಿಯನ್ನೂ ಹಾಕಿದ್ದೆ.

ನಾನು ದೇವದುರ್ಗದ ಕಡೆಯ ಅರಕೇರಾದವನು. ಕುರಿ ಕಾಯುವ ಮನೆತನ. ಹತ್ತೊಂಬತ್ತಕ್ಕೆ ಸೈನ್ಯ ಸೇರಿ, ಇಪ್ಪತ್ತನಾಲ್ಕು ವರ್ಷ ಇದ್ದು, ಹವಾಲ್ದಾರನಾಗಿ ಹೊರಬಂದೆ. ಬಂದೂಕಿಗಿಂತ ಬೀಗದ ಕೈಯನ್ನೇ ಹೆಚ್ಚು ಹಿಡಿದವನು; ನನ್ನದು ಸ್ಟೋರಿನ ಕೆಲಸ. ಕಂಬಳಿ, ಬೂಟು, ಬೇಳೆ, ಮುಳ್ಳುತಂತಿಯ ಸುರುಳಿ, ಎಲ್ಲವೂ ನನ್ನ ಕೈಯಿಂದ ಹೋಗಿ ನನ್ನ ಕೈಗೆ ಬರಬೇಕು. ಈಗ ರಾಯಚೂರಿನಲ್ಲಿ ಮನೆ. ನಾಲ್ಕೂವರೆಗೆ ಏಳುವುದು, ಐದಕ್ಕೆ ನಡಿಗೆ, ಆರಕ್ಕೆ ಕ್ಷೌರ, ಏಳಕ್ಕೆ ಪತ್ರಿಕೆ, ಎಂಟಕ್ಕೆ ರೊಟ್ಟಿ. ನಮ್ಮ ಮನೆಯ ಗಡಿಯಾರಕ್ಕೆ ಸೆಲ್ ಹಾಕುವುದು ವ್ಯರ್ಥ ಖರ್ಚು ಎಂದು ನನ್ನ ಹೆಂಡತಿ ಹೇಳುತ್ತಾಳೆ.

ತಿಂಗಳ ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಬೆಳಗಿನ ಬಸ್ಸು ಹಿಡಿದು ಮಾನ್ವಿ ತಾಲ್ಲೂಕಿನ ಕುರ್ಡಿಗೆ ಹೋಗುತ್ತೇನೆ. ಅಕ್ಕನನ್ನು ಕೊಟ್ಟ ಊರು ಅದು. ನನಗಿಂತ ಎಂಟು ವರ್ಷ ದೊಡ್ಡವಳು, ಮೊಣಕಾಲು ಎರಡೂ ಸವೆದಿವೆ. ಭಾವ ತೀರಿಕೊಂಡಿದ್ದಾರೆ, ಮಗ, ಅಂದರೆ ನನ್ನ ಸೋದರಳಿಯ, ಮತ್ತು ಸೊಸೆ ಜೊತೆಗಿದ್ದಾರೆ. ಪಕ್ಕದ ಮನೆ ಭಾವನ ತಮ್ಮನದು, ಅಂದರೆ ಅಕ್ಕನ ಮೈದುನನದು. ಅವನ ಹೆಂಡತಿ, ಅಕ್ಕನ ನೆಗೆಣ್ಣಿ, ಇನ್ನು ನಾಲ್ಕು ವರ್ಷ ಮುಂಚೆ ಹುಟ್ಟಿದ್ದರೆ ಇಬ್ಬರನ್ನೂ ಅವಳಿಜವಳಿ ಎನ್ನಬಹುದಿತ್ತು, ಅಷ್ಟು ಒಂದೇ ಥರ. ಎರಡೂ ಮನೆಗಳ ನಡುವೆ ಚಕ್ಕಡಿ ಹೋಗುವಷ್ಟು ತೆರೆದ ಜಾಗ ಇತ್ತು. ಅದರಲ್ಲಿ ಹಾದರೆ ಹಿಂದಿನ ಬಯಲು. ಎರಡೂ ಮನೆಗಳಲ್ಲಿ ಸಂಡಾಸು ಇರಲಿಲ್ಲ. ಹಿಂದೆ ಒಂದನ್ನು ಕಟ್ಟಿದ್ದರು, ಅದು ಒಂದು ಮಳೆಗಾಲ ಮಾತ್ರ ನಿಂತಿತು. ಬೆಳಕು ಹರಿಯುವ ಮುಂಚೆ ಇಬ್ಬರೂ ಮುದುಕಿಯರು ನೀರಿನ ಚರಿಗೆ ಹಿಡಿದು ಜೊತೆಯಾಗಿ ಬಯಲಕಡೆ ಹೋಗುತ್ತಿದ್ದರು. ಮದುವೆಯಾಗಿ ಬಂದಂದಿನಿಂದ ಹೀಗೆಯೇ.

ಹೋದ ವರ್ಷ ನಾನು ಅಳಿಯನನ್ನು ಗದರಿಸಿ, ಅಕ್ಕನಿಗಾಗಿ ಒಂದು ಸಂಡಾಸು ಕಟ್ಟಿಸಲು ಒಪ್ಪಿಸಿದೆ. ಇಟ್ಟಿಗೆ ಬಂದು ಬಿದ್ದವು. ಅಕ್ಕ ದಿನಾ ಅವುಗಳ ಮೇಲೆ ಕೈಯಾಡಿಸಿ ಬರುತ್ತಿದ್ದಳಂತೆ. ಅಷ್ಟರಲ್ಲಿ ಅಳಿಯ ಸಾಕಿದ್ದ ಟಗರು ಕಳೆಯಿತು.

ಪತ್ರಿಕೆಯ ವೇಳೆಯಲ್ಲಿ ಅಳಿಯನ ಫೋನು.

"ಮಾಮಾ, ಟಗರು ಹೋತು."

"ಎಲ್ಲಿಗಿ?"

"ಗೊತ್ತಿದ್ರ ಹೋತು ಅಂತೀನೇನು?"

"ಯಾರ ಮ್ಯಾಲ ಅನುಮಾನ?"

"ಕಾಕಾನ ಮ್ಯಾಲ. ನಿನ್ನಿ ಅದನ್ನ ಒಂಥರಾ ನೋಡಾಕತ್ತಿದ್ದ."

"ಟಗರನ್ನ ಎಲ್ಲಾರೂ ನೋಡ್ತಾರಲೇ."

"ಹಂಗಲ್ಲ ಮಾಮಾ. ತೂಕ ಮಾಡಿದಂಗ ನೋಡಿದ."

ಟಗರು ಮಧ್ಯಾಹ್ನದೊಳಗೆ ಸಿಕ್ಕಿತು. ಅಕ್ಕಿ ಗಿರಣಿಯ ಹಿಂದೆ ತೌಡಿನ ರಾಶಿಗೆ ಮೂತಿ ಇಟ್ಟು ನಿಂತಿತ್ತು. ಆದರೆ ಅಷ್ಟು ಹೊತ್ತಿಗೆ ಅಳಿಯ ರಾಯಚೂರಿಗೆ ಬಂದು, ನನ್ನನ್ನು ಕರೆದುಕೊಂಡು ಹೋಗಿ, ಒಂದು ಕ್ಯಾಮೆರಾ ಕೊಂಡಾಗಿತ್ತು. ಟಗರು ವಾಪಸ್ ಬಂತು. ಕ್ಯಾಮೆರಾ ವಾಪಸ್ ಹೋಗಲಿಲ್ಲ. ಇದನ್ನು ನಾನು ಸೈನ್ಯದಲ್ಲೂ ನೋಡಿದ್ದೇನೆ: ಭಯ ಸುಳ್ಳೆಂದು ತಿಳಿದ ಮೇಲೂ ಸಾಮಾನು ಮಾತ್ರ ಸ್ಟೋರಿನಲ್ಲಿ ಉಳಿಯುತ್ತದೆ. ಉಳಿದಿದೆ ಎಂದ ಮೇಲೆ ಅದಕ್ಕೊಂದು ಕೆಲಸ ಹುಡುಕಬೇಕಾಗುತ್ತದೆ.

ಕ್ಯಾಮೆರಾಕ್ಕೆ ಕೆಲಸ ಹುಡುಕಿಕೊಟ್ಟವನು ನಾನು. ಎರಡು ಮನೆಗಳ ನಡುವಿನ ಜಾಗ ಪೂರ್ತಿ ಕಾಣುವಂತೆ, ಒಂಬತ್ತು ಅಡಿ ಎತ್ತರಕ್ಕೆ, ಸ್ವಲ್ಪ ಕೆಳಮುಖವಾಗಿ. ಚೀಟಿ ಬರೆದುಕೊಟ್ಟೆ.

ಮುಂದಿನ ವಾರ ಅಕ್ಕನ ಮೈದುನ ನನ್ನ ಮನೆಗೆ ಬಂದ. ಕುರ್ಚಿಯ ತುದಿಯಲ್ಲಿ ಕುಳಿತ. ಚಹಾ ಕುಡಿಯುವವರೆಗೆ ಮಳೆ, ಭತ್ತ, ಕಾಲುವೆಯ ನೀರು ಎಂದೆಲ್ಲ ಮಾತಾಡಿ ಆಮೇಲೆ ವಿಷಯಕ್ಕೆ ಬಂದ.

"ಬೀಗರ, ನಿಮ್ಮ ಅಳಿಯ ನಮ್ಮ ಮನೀಗಿ ಕಣ್ಣು ಹಚ್ಚ್ಯಾನ."

"ಅದು ಬರೇ ಕ್ಯಾಮ್ರಾ."

"ನಿಮಗ ಬರೇ ಕ್ಯಾಮ್ರಾ. ನಮ್ಮ ಎಮ್ಮಿ ಮೈ ತೊಳಸ್ಕೊಳ್ಳಾಕೂ ನಾಚಾಕತ್ತದ. ನನಗೂ ಏನರ ಹೇಳ್ರಿ."

ಸ್ಟೋರಿನವನಿಗೆ ಎರಡು ನಿಯಮ. ಕೇಳಿದವನಿಗೆ ಬೇಕಾದದ್ದನ್ನು ಕೊಡುವುದು; ಒಬ್ಬನ ಸಾಮಾನಿನ ವಿಷಯ ಇನ್ನೊಬ್ಬನಿಗೆ ಹೇಳದಿರುವುದು. ಎರಡನ್ನೂ ಪಾಲಿಸಿದೆ. ಯಾರಾದರೂ ಹಾದರೆ ತಾನೇ ಹತ್ತಿ ಕ್ಯಾಮೆರಾದ ಕಣ್ಣಿಗೆ ನೇರ ಹೊಡೆಯುವಂತೆ ಒಂದು ಫೋಕಸ್ ಲೈಟ್ ಹಾಕಿಸಲು ಹೇಳಿದೆ. ಅದೇ ಅಂಗಡಿಗೆ ಕರೆದುಕೊಂಡು ಹೋದೆ. ಪರಿಚಯದ ಅಂಗಡಿ, ರಿಯಾಯಿತಿ ಸಿಗುತ್ತದೆ.

ಅಳಿಯ ನಾಯಿ ತಂದ. ಎತ್ತರದ, ತೆಳ್ಳನೆಯ, ಓಡುವ ಜಾತಿಯ ನಾಯಿ. ಮೈದುನ ಎದುರಾಗಿ ಏನು ತರುವುದೆಂದು ಯೋಚಿಸುತ್ತಿರುವಾಗಲೇ ಆ ನಾಯಿ ಪಕ್ಷಾಂತರ ಮಾಡಿತು. ನೆಗೆಣ್ಣಿ ಅದಕ್ಕೆ ದಿನಾ ಅರ್ಧ ರೊಟ್ಟಿ ಹಾಕುತ್ತಿದ್ದಳು. ಅದು ಅವಳ ಬಾಗಿಲಲ್ಲಿ ಮಲಗಿ, ಊಟದ ಹೊತ್ತಿಗಷ್ಟೇ ಅಳಿಯನ ಮನೆಗೆ ಬರುತ್ತಿತ್ತು. ಅಳಿಯ ಇದನ್ನು ದ್ರೋಹ ಎಂದ. ನಾಯಿ ತನಗೆ ರೊಟ್ಟಿ ಹಾಕಿದವರ ಕಡೆ ಬಾಲ ಆಡಿಸಿತು, ಅಷ್ಟೆ.

ಆಮೇಲೆ ಮುಳ್ಳುತಂತಿ. ಆಮೇಲೆ ಗೋಡೆ. ಗೋಡೆಗೆ ಇಟ್ಟಿಗೆ ಎಲ್ಲಿಂದ ಬಂತು ಎಂದು ಬರೆಯುವ ಅಗತ್ಯವಿಲ್ಲ, ಆದರೂ ಬರೆಯುತ್ತೇನೆ. ಅಕ್ಕನ ಸಂಡಾಸಿಗೆ ಬಂದು ಬಿದ್ದಿದ್ದ ಇಟ್ಟಿಗೆ ಅವು. "ತಾತ್ಪೂರ್ತಿಕ ಮಾಮಾ, ಮೊದ್ಲು ಭದ್ರತಿ ಆಗ್ಲಿ," ಎಂದ ಅಳಿಯ. ನನಗೆ ಅದು ಸರಿಯೆಂದೇ ಕಂಡಿತು. ಮೊದಲು ಭದ್ರತೆ ಎನ್ನುವ ಮಾತನ್ನು ಇಪ್ಪತ್ತನಾಲ್ಕು ವರ್ಷ ಕೇಳಿದ ಕಿವಿ ನನ್ನದು.

ಅಳಿಯ ಗೋಡೆಯನ್ನು ತನ್ನ ಹದ್ದಿನಿಂದ ಎರಡು ಅಡಿ ಒಳಗೆ ಕಟ್ಟಿಸಿದ. ಇದೂ ನನ್ನದೇ ಸಲಹೆ: ತಕರಾರಿಗೆ ದಾರಿ ಕೊಡಬಾರದು. ತಿಂಗಳೊಳಗೆ ಮೈದುನ ತಾನೂ ಒಂದು ಗೋಡೆ ಕಟ್ಟಿಸಲು ಹೊರಟ. ಅವನೂ ಸಲಹೆ ಕೇಳಿದ. ಅವನಿಗೂ ಅದನ್ನೇ ಹೇಳಿದೆ: ನಿಮ್ಮ ಹದ್ದಿನಿಂದ ಎರಡು ಅಡಿ ಒಳಗೆ. ಎರಡೂ ಗೋಡೆ ಕಟ್ಟಿದವನು ಒಬ್ಬನೇ ಗೌಂಡಿ. ನಮ್ಮ ಅರಕೇರಾದವನೇ, ನಾನೇ ಕರೆಸಿದ್ದೆ. ಬೇಸಿಗೆ ಬಂದರೆ ಹೆಂಡತಿಯನ್ನು ಕರೆದುಕೊಂಡು ದೂರದ ಶಹರಗಳಿಗೆ ದುಡಿಯಲು ಹೋಗುವ ಆಳು. ಎರಡನೆಯ ಗೋಡೆಯ ಬುನಾದಿ ಹಾಕುವಾಗ ಅವನು ಮೈದುನನನ್ನು ಕೇಳಿದ್ದನ್ನು ಆಮೇಲೆ ಅವನೇ ನನಗೆ ಹೇಳಿದ.

"ಯಜಮಾನ್ರ, ಒಂದು ಗ್ವಾಡಿಗಿ ಎರಡು ಮಗ್ಗಲ ಇರ್ತಾವಲ್ರೀ. ಆ ಗ್ವಾಡೀದ ಈ ಮಗ್ಗಲ ನಿಮ್ಮದಲ್ಲೇನು?"

"ಅವನ ಗ್ವಾಡಿ ಮ್ಯಾಲ ನನಗ ನಂಬಿಕಿಲ್ಲಪ."

"ಕಟ್ಟಿದಾಂವ ನಾನ ಅದೀನ್ರಿ."

"ನಿನ್ನ ಮ್ಯಾಲ ನಂಬಿಕಿ ಅದ. ಅದಕ್ಕ ನಿನಗ ಹೇಳಾಕತ್ತೀನಿ, ಇನ್ನೊಂದು ಕಟ್ಟು."

ಕೊನೆಗೆ ಎರಡು ಗೋಡೆಗಳ ನಡುವೆ ನಾಲ್ಕು ಅಡಿ ಅಗಲದ ಓಣಿ ಉಳಿಯಿತು. ಯಾರಾದರೂ ಹಿಂದಿನಿಂದ ಬಂದರೆ ಎಂದು ಅಳಿಯ ಅದರ ಹಿಂಬದಿಗೆ ಮುಳ್ಳುತಂತಿ ಹೆಣೆದ. ಮುಂದಿನಿಂದ ಬಂದರೆ ಎಂದು ಮೈದುನ ಮುಂಬದಿಗೆ ಹೆಣೆದ. ಆ ತಂತಿ ಕೊಡಿಸಲು ಹೋದಾಗ ಅಂಗಡಿಯವನು ನನ್ನ ಕೈಗೆ ಒಂದು ಸ್ಟೀಲಿನ ಫ್ಲಾಸ್ಕು ಇಟ್ಟ.

"ಇದು ಯಾಕ?"

"ಖುಷೀಲಿಂದ ಸಾಬ್. ನಿಮ್ಮ ಕುರ್ಡಿ ಭಾಳ ಛಲೋ ಊರು. ಅಲ್ಲಿ ಇನ್ನಾ ಎರಡು ಮನಿ ನಡುವ ಏನರ ಇದ್ರ, ನನ್ನ ಕಡೀನ ಕರ್ಕೊಂಡು ಬರ್ರಿ ಹವಾಲ್ದಾರ್ ಸಾಬ್."

ಫ್ಲಾಸ್ಕು ತೆಗೆದುಕೊಂಡು ಬಂದೆ. ಬಿಸಿ ಚೆನ್ನಾಗಿ ನಿಲ್ಲುತ್ತದೆ.

ಗಂಡಸರ ಈ ಏರ್ಪಾಡುಗಳೆಲ್ಲ ನಡೆಯುವಾಗ ಮುದುಕಿಯರು ಮಾತ್ರ ತಮ್ಮ ರೂಢಿ ಬಿಟ್ಟಿರಲಿಲ್ಲ. ನನ್ನ ಭಾನುವಾರದ ಕೆಲಸಗಳಲ್ಲಿ ಒಂದು ಅಕ್ಕನಿಗೆ ಪತ್ರಿಕೆ ಓದಿ ಹೇಳುವುದು. ಮೂರರಿಂದ ನಾಲ್ಕು. ಕಟ್ಟೆಯ ಮೇಲೆ ಅಕ್ಕ, ಅವಳ ಪಕ್ಕ ನೆಗೆಣ್ಣಿ. ಅವಳು ಗೋಡೆ ಸುತ್ತಿ ಬರುತ್ತಿದ್ದಳು. ಒಂದು ಭಾನುವಾರ ಓದಿದ ಸುದ್ದಿ, ಜಗತ್ತಿನ ದೇಶಗಳು ಸೈನ್ಯಕ್ಕೆ ಮಾಡುವ ಖರ್ಚು ಹಿಂದೆಂದೂ ಇಲ್ಲದಷ್ಟು ಏರಿದೆ ಎಂಬುದು. ಮೊತ್ತವನ್ನು ಓದಿದೆ. ಅಕ್ಕ ಕೈ ಎತ್ತಿ ನಿಲ್ಲಿಸಿದಳು.

"ತಡಿ. ಅದಕ್ಕ ಸೊನ್ನಿ ಎಷ್ಟು ಅದಾವ?"

ಎಣಿಸಿ ಹೇಳಿದೆ.

"ಅಷ್ಟು ರೊಕ್ಕ ಯಾರದು?"

"ಎಲ್ಲಾ ದೇಶದ ಮಂದೀದು. ನಿಂದೂ ಒಂದೀಟು ಅದ ಯಕ್ಕಾ. ನೀ ಬೆಂಕಿಪೆಟ್ಟಿಗಿ ತೊಗೊಂಡ್ರ ಅದರಾಗೂ ಹೋಗ್ತದ."

"ನನಗ ಯಾರೂ ಕೇಳಲಿಲ್ಲಲ್ಲ."

ನೆಗೆಣ್ಣಿ ಕೇಳಿದಳು: "ಅಲ್ರೀ, ಎಲ್ಲಾರ ಮನ್ಯಾಗೂ ಸಂಡಾಸ ಕಟ್ಟಿಸಿ, ಉಳದ ರೊಕ್ಕದಾಗ ತೊಗೊಂಡಾರೇನು ಇವನ್ನೆಲ್ಲ?"

"ಹಂಗಲ್ಲ ಯವ್ವಾ. ವೈರಿಗಳಿರ್ತಾರ."

"ಯಾರಿಗಿ ಯಾರು ವೈರಿ?"

"ಇವರಿಗಿ ಅವರು. ಅವರಿಗಿ ಇವರು."

"ಅಂದ್ರ ಇಲ್ಲಿ ಆದಂಗ," ಎಂದಳು ಅಕ್ಕ. ಅವಳು ಗೋಡೆಯ ಕಡೆ ಬೆರಳು ಕೂಡ ತೋರಿಸಲಿಲ್ಲ. ನಾನು ಪುಟ ತಿರುಗಿಸಿ ಹತ್ತಿಯ ಧಾರಣೆ ಓದಿದೆ.

ಸೈನ್ಯ ಬೇಡ ಎನ್ನುವವನಲ್ಲ ನಾನು. ಅದರ ಅನ್ನ ಉಂಡವನು, ಗಡಿಯಲ್ಲಿ ಚಳಿ ತಿಂದವನು. ಕಾವಲು ಬೇಕು. ಆದರೆ ಆ ದಿನ ಬಸ್ಸಿನಲ್ಲಿ ರಾಯಚೂರಿಗೆ ಮರಳುವಾಗ ಬೇರೆಯೇ ಒಂದು ಸಂಗತಿ ನೆನಪಾಯಿತು. ಶಾಂತಿಪಾಲನೆಗೆಂದು ನಮ್ಮ ತುಕಡಿಯನ್ನು ಆಫ್ರಿಕಾದ ಒಂದು ದೇಶಕ್ಕೆ ಕಳಿಸಿದ್ದರು. ಒಂದು ವರ್ಷ ಇದ್ದೆ. ಆ ದೇಶದ ಪಡೆಯ ಲಾರಿಗಳು ಹೊಸವು, ಬಂದೂಕುಗಳು ಇನ್ನೂ ಎಣ್ಣೆ ಆರದವು. ಒಂದು ಊರಿನ ಆಸ್ಪತ್ರೆಗೆ ಔಷಧ ಇಳಿಸಲು ಹೋದೆವು. ಹೆರಿಗೆ ಕೋಣೆಯ ಮಂಚಗಳ ಮೇಲೆ ಹಾಸಲು ಏನೂ ಇರಲಿಲ್ಲ. ಒಬ್ಬ ದಾದಿ ನಮ್ಮ ಲಾರಿಗೆ ಹೊದಿಸಿದ್ದ ತಾಡಪತ್ರಿಯನ್ನು ಕೇಳಿದಳು. ಅದು ಲೆಕ್ಕದಲ್ಲಿದೆ, ಕೊಡಲು ಬರುವುದಿಲ್ಲ ಎಂದೆ. ನಿಯಮದ ಪ್ರಕಾರ ಸರಿಯಾದ ಉತ್ತರ. ಅವಳು ವಾದ ಮಾಡಲಿಲ್ಲ, ತಲೆಯಾಡಿಸಿ ಒಳಗೆ ಹೋದಳು. ವಾದ ಮಾಡಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಎರಡೂ ಬದಿ ತಂತಿ ಬಿಗಿದ ಮೂರನೆಯ ದಿನ ಅಕ್ಕ ಬಿದ್ದಳು.

ಓಣಿ ಮುಚ್ಚಿದ್ದರಿಂದ ಮುದುಕಿಯರು ಊರ ಹೊರಗಿನಿಂದ ಸುತ್ತಿ, ಕಾಲುವೆಯ ಏರಿಯ ಮೇಲೆ ಹೋಗಬೇಕಾಗಿತ್ತು. ಏರಿ ಹಸಿಯಾಗಿತ್ತು. ಅಕ್ಕ ಜಾರಿದಳು, ಅವಳ ಕೈ ಹಿಡಿದಿದ್ದ ನೆಗೆಣ್ಣಿಯೂ ಜೊತೆಗೆ ಕುಳಿತಳು. ಒಬ್ಬಳಿಗೆ ಮೊಣಕಾಲು, ಒಬ್ಬಳಿಗೆ ಮಣಿಕಟ್ಟು. ಅಳಿಯ ಫೋನು ಮಾಡಿದಾಗ ಬುಧವಾರ. ಬುಧವಾರ ನಾನು ಕುರ್ಡಿಗೆ ಹೋದದ್ದು ಜೀವನದಲ್ಲಿ ಅದೇ ಮೊದಲು.

ಅಕ್ಕ ಹೊರಸಿನ ಮೇಲೆ ಕಾಲು ಚಾಚಿ ಮಲಗಿದ್ದಳು. ನೆಗೆಣ್ಣಿ ತನ್ನ ಕೈಗೆ ಬಟ್ಟೆ ಸುತ್ತಿಕೊಂಡೇ ಇನ್ನೊಂದು ಕೈಯಿಂದ ಅಕ್ಕನ ಮೊಣಕಾಲಿಗೆ ಉಪ್ಪಿನ ಗಂಟಿನ ಶಾಖ ಕೊಡುತ್ತಿದ್ದಳು. ಮಾನ್ವಿಯ ಡಾಕ್ಟರಿಗೆ ತೋರಿಸಿ ಬಂದಿದ್ದರು. ಮೂಳೆ ಮುರಿದಿಲ್ಲ, ಆದರೆ ಮೈಯಲ್ಲಿ ನೀರೇ ಇಲ್ಲ, ಈ ಅಜ್ಜಿ ನೀರು ಯಾಕೆ ಕುಡಿಯುವುದಿಲ್ಲ ಎಂದು ಡಾಕ್ಟರು ಬೈದರಂತೆ.

ನನಗೆ ಅಭಿಮಾನ ಉಕ್ಕಿತು. ಅಕ್ಕ ಸಂಜೆ ನಾಲ್ಕರ ನಂತರ ಚಹಾ ಆಗಲಿ ನೀರಾಗಲಿ ಮುಟ್ಟಿದ್ದನ್ನು ನಾನು ಎಂದೂ ನೋಡಿಲ್ಲ. ನಮ್ಮ ವಂಶದಲ್ಲಿ ನನ್ನಂತೆ ವೇಳೆ ಪಾಲಿಸುವವಳು ಅವಳೊಬ್ಬಳೇ ಎಂದು ನಾಲ್ಕು ಜನರ ಮುಂದೆ ಹೇಳುತ್ತಿದ್ದೆ. ಆಗಲೂ ಹೇಳಿದೆ.

"ಡಾಕ್ಟರಿಗಿ ಏನು ಗೊತ್ತು? ನಮ್ಮಕ್ಕಂದು ಶಿಸ್ತು. ನಾಲ್ಕರ ಮ್ಯಾಲ ಏನೂ ಮುಟ್ಟಂಗಿಲ್ಲ."

ನೆಗೆಣ್ಣಿ ಉಪ್ಪಿನ ಗಂಟು ಕೆಳಗಿಟ್ಟಳು.

"ಶಿಸ್ತಂತ ಶಿಸ್ತು! ಕುಡದ್ರ ಸಂಜೀಮುಂದ ಎಲ್ಲಿಗಿ ಹೋಗಬೇಕ್ರೀ? ಗಂಡಸ್ರು ಕಟ್ಟೀಗಿ ಕುಂತಿರ್ತೀರಿ. ನಸುಕಿನ ತನಕಾ ತಡ್ಕೋಬೇಕು. ನಾನೂ ಕುಡಿಯಂಗಿಲ್ಲ, ಯಕ್ಕನೂ ಕುಡಿಯಂಗಿಲ್ಲ. ಊರಾಗ ಎಷ್ಟು ಮಂದಿ ಹೆಂಗಸ್ರು ಕುಡಿಯಂಗಿಲ್ಲ. ಎಲ್ಲಾರೂ ಮಿಲ್ಟ್ರಿಗಿ ಹೋಗಿ ಬಂದಾರೇನ್ರೀ?"

"ಬಿಡ ಬೇ, ಅವನಿಗೇನು ಗೊತ್ತು," ಎಂದಳು ಅಕ್ಕ, ಮುಖ ಗೋಡೆಗೆ ತಿರುಗಿಸಿ.

ದಾರಿ ತೋಚದಿದ್ದಾಗ ಸೈನ್ಯದವನು ಮಾಡುವುದು ಒಂದೇ, ತಪಾಸಣೆ. ಎದ್ದು ನಿಂತು ಅಳಿಯನಿಗೆ ಕಾಕಾನನ್ನು ಕರೆಯಲು ಹೇಳಿದೆ. ಮೈದುನ ತಿಂಗಳುಗಳ ಮೇಲೆ ಆ ಹೊಸ್ತಿಲು ದಾಟಿ ಬಂದ, ಅತ್ತಿಗೆಯ ಕಾಲು ನೋಡುವ ನೆಪದಲ್ಲಿ. ಅಳಿಯನ ಮುಖ ನೋಡಲಿಲ್ಲ.

"ಇಷ್ಟು ದಿನ ಕಾವಲು ಹಾಕೀರಿ," ಎಂದೆ. "ಯಾರನ್ನ ಹಿಡದೀರಿ ತೋರಸ್ರಿ. ಕ್ಯಾಮ್ರಾದಾಗ ಇದ್ದದ್ದೆಲ್ಲ ಹಚ್ಚು."

ಅಳಿಯ ಉತ್ಸಾಹದಿಂದ ಟಿವಿಗೆ ಜೋಡಿಸಿದ. ಕಾಕಾನ ಕಳ್ಳತನ ಹೊರಬೀಳುತ್ತದೆ ಎಂದು ಅವನ ನಂಬಿಕೆ. ಮೈದುನನೂ ಕುತೂಹಲದಿಂದ ಕತ್ತು ಉದ್ದ ಮಾಡಿದ. ಪರದೆಯ ಮೇಲೆ ನಸುಕಿನ ಬೂದು ಬೆಳಕು, ಮೂಲೆಯಲ್ಲಿ ಗಂಟೆ ಐದಕ್ಕೆ ಹತ್ತು ನಿಮಿಷ. ಓಣಿಯಲ್ಲಿ ಎರಡು ಆಕೃತಿಗಳು ಬಂದವು. ಮುಂದೆ ಕೋಲು ಹಿಡಿದ ಅಕ್ಕ, ಹಿಂದೆ ಎರಡೂ ಚರಿಗೆ ಹಿಡಿದ ನೆಗೆಣ್ಣಿ, ಅವರ ಹಿಂದೆ ಬಾಲ ಆಡಿಸುತ್ತ ನಾಯಿ. ಫೋಕಸ್ ಲೈಟ್ ಹತ್ತಿ, ಕ್ಯಾಮೆರಾಕ್ಕಲ್ಲ, ಅವರ ಮುಖಕ್ಕೇ ಹೊಡೆಯಿತು. ಇಬ್ಬರೂ ಕಣ್ಣಿಗೆ ಸೆರಗು ಅಡ್ಡ ಹಿಡಿದು ಬಾಯಿ ಆಡಿಸಿದರು. ಶಬ್ದ ಇರಲಿಲ್ಲ, ಆದರೆ ಬೈದದ್ದು ಗೊತ್ತಾಗುತ್ತಿತ್ತು. ಮರುದಿನ ಹಚ್ಚಿದ. ಅದೇ ಇಬ್ಬರು, ಅದೇ ನಾಯಿ. ಅದರ ಮರುದಿನ ಅಕ್ಕ ನಡುವೆ ನಿಂತಳು, ನೆಗೆಣ್ಣಿ ಚರಿಗೆ ಕೆಳಗಿಟ್ಟು ಬಗ್ಗಿ ಅವಳ ಪಾದದಿಂದ ಏನನ್ನೋ ಕಿತ್ತಳು. ಹೊಸ ತಂತಿಯ ಚೂರು ಇರಬೇಕು. ಮತ್ತೆ ಹೊರಟರು. ಐದು ದಿನ ನೋಡಿದೆವು. ಆರನೆಯ ದಿನ ಒಂದು ಬೆಕ್ಕು ಹೆಚ್ಚಾಗಿತ್ತು.

"ವೈರಿ ಎಲ್ಲ್ಯದಾನಲೇ?" ಎಂದೆ.

ಅಳಿಯ ಉತ್ತರಿಸುವ ಮೊದಲೇ ಹೊರಸಿನಿಂದ ಅಕ್ಕ ಎದ್ದು ಕುಳಿತಳು. ಕಾಲು ನೋವು ಮರೆತಿದ್ದಳು.

"ಲೇ, ಅದು ನಾನಲ್ಲೇನು?"

"ಹೌದು ಬೇ."

"ನಾ ಬಯಲಕಡಿ ಹೋಗೋದನ್ನ ಹಿಡದಿಟ್ಟೀಯೇನಲೇ, ಭಾಡ್ಯಾ? ಯಾರ್ಯಾರು ನೋಡ್ಯಾರ ಇದನ್ನ?"

"ಯಾರೂ ನೋಡಿಲ್ಲ ಬೇ. ಖರೇನ. ನಾನೂ ನೋಡಿಲ್ಲ."

"ನೋಡಂಗಿಲ್ಲಂದ್ರ ಯಾಕ ಹಾಕೀದಿ ಮತ್ತ?"

ಮೈದುನ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕ. ಅವನ ಹೆಂಡತಿ ಅವನ ಕಡೆ ತಿರುಗಿದಳು.

"ನಗಬ್ಯಾಡ್ರಿ. ನಾವು ಚಂದಾಗಿ ಕಾಣ್ಲಿ ಅಂತ ಲೈಟು ಹಾಕ್ಸಿದವ್ರು ನೀವ ಅಲ್ಲೇನು?"

ಟವೆಲ್ ಕೆಳಗೆ ಬಂತು. ನನ್ನ ಕಡೆ ಯಾರಾದರೂ ತಿರುಗುವ ಮುನ್ನ ಹೇಳಿಬಿಡುವುದು ಒಳ್ಳೆಯದೆಂದು, ಎರಡೂ ಸಾಮಾನು ಕೊಡಿಸಿದವನು ನಾನು, ಎತ್ತರ ಅಳೆದುಕೊಟ್ಟವನೂ ನಾನು ಎಂದೆ. ಮಾವ ಅಳಿಯ ಬೀಗ ಮೂವರೂ ಒಂದೇ ಸಾಲಿನಲ್ಲಿ ನಿಂತೆವು. ಅಳಿಯನಿಗೂ ಮೈದುನನಿಗೂ, ಇನ್ನೊಬ್ಬನಿಗೆ ಸಲಹೆ ಕೊಟ್ಟವನು ಯಾರು ಎಂಬುದು ಆಗಲೇ ತಿಳಿದದ್ದು. ಇಬ್ಬರೂ ನನ್ನನ್ನು ನೋಡಿದರು. ಆರು ತಿಂಗಳಲ್ಲಿ ಅವರಿಬ್ಬರ ಅಭಿಪ್ರಾಯ ಕೂಡಿದ್ದು ಅದೇ ಮೊದಲು.

"ಎರಡೂ ಗ್ವಾಡಿ ನಾಳೀನ ಕೆಡವ್ರಿ," ಎಂದೆ, ಪ್ರಾಯಶ್ಚಿತ್ತದ ಅವಸರದಲ್ಲಿ.

"ಯಾಕ ಕೆಡವಬೇಕು?" ಎಂದಳು ಅಕ್ಕ. "ನನ್ನ ಇಟ್ಟಂಗಿ ಅವು. ನಡುಕ ಜಾಗ ಎಷ್ಟದ?"

"ನಾಲ್ಕು ಅಡಿ."

"ಯಾರದು ಅದು?"

"ಎರಡು ಅಡಿ ನಮ್ಮದು," ಎಂದ ಅಳಿಯ.

"ಎರಡು ನಮ್ಮದು," ಎಂದ ಮೈದುನ.

"ಕಾಲಿಡಾಕತ್ತೀರೇನು ಯಾರರ ಅಲ್ಲಿ?"

ಎರಡೂ ಕಡೆ ತಂತಿ ಬಿಗಿದವರು ಅವರೇ.

ಅಕ್ಕ ನೆಗೆಣ್ಣಿಯ ಮುಖ ನೋಡಿದಳು. ಐವತ್ತು ವರ್ಷ ಒಂದೇ ದಾರಿಯಲ್ಲಿ ನಸುಕಿನಲ್ಲಿ ನಡೆದವರಿಗೆ ಹೆಚ್ಚು ಮಾತು ಬೇಕಾಗಿರಲಿಲ್ಲ. "ಎರಡು ಗ್ವಾಡಿ ತಯಾರದಾವ ಯಕ್ಕಾ," ಎಂದಳು ನೆಗೆಣ್ಣಿ. "ಮ್ಯಾಲ ಮುಚ್ಚಾಕ ಪರಸಿ ಕಲ್ಲು, ಒಂದು ಬಾಗಲ. ಸಾಕು."

ಗೌಂಡಿಗೆ ಫೋನು ಮಾಡಿದೆ. ಮರುವಾರ ಊರು ಬಿಟ್ಟು ದುಡಿಯಲು ಹೊರಡುವವನಿದ್ದ. ಅರಕೇರಾದಿಂದ ಬಂದವನೇ ಮೊದಲು ಹೇಳಿದ್ದು, "ನಾ ಕಟ್ಟಿದ್ದನ್ನ ಕೆಡವು ಅಂದ್ರ ನಾ ಕೆಡವಂಗಿಲ್ರೀ." ವಿಷಯ ತಿಳಿದ ಮೇಲೆ ತಂತಿ ಕತ್ತರಿಸಿ ಒಳಹೊಕ್ಕು, ಗೋಡೆಗೆ ಅಂಗೈ ಬಡಿದು ನೋಡಿ, ಹೊರಬಂದ.

"ಒಂಬತ್ತು ಇಂಚಿನ ಗ್ವಾಡಿ, ಎರಡು ಕಡೀಗಿ. ಸಂಡಾಸಕ್ಕ ಇಷ್ಟು ಗಟ್ಟಿ ಗ್ವಾಡಿ ನಮ್ಮ ಜಿಲ್ಲಾದಾಗ ಯಾರೂ ಕಟ್ಸಿಲ್ರೀ ಯಜಮಾನ್ರ. ತೋಫು ಹೊಡದ್ರೂ ಒಳಗ ಕುಂತವ್ರಿಗಿ ಗೊತ್ತಾಗಂಗಿಲ್ಲ."

ಎಲ್ಲರೂ ನಕ್ಕರು, ಅಳಿಯನೂ. ಗೌಂಡಿ ಮಾತ್ರ ನಗದೆ, ದಾರ ಹಿಡಿದು ಗುಂಡಿಯ ಜಾಗ ಗುರುತು ಮಾಡುತ್ತ, ತನ್ನಷ್ಟಕ್ಕೆ ಎಂಬಂತೆ ಹೇಳಿದ: "ಶಹರದಾಗ ಹೋದ ವರ್ಷ ಒಂದ ಬಿಲ್ಡಿಂಗನ್ಯಾಗ ಎಷ್ಟೋ ಸಂಡಾಸ ಕಟ್ಟೀನ್ರಿ. ಹಾಲಿನಂಥಾ ಬಿಳೀ ಕಲ್ಲು. ನಮ್ಮವ್ವ ಅರಕೇರಾದಾಗ ಇನ್ನಾ ಹಳ್ಳದ ದಂಡೀಗಿ ಹೋಗ್ತಾಳ." ನಾನು ಆ ಸಂಜೆ ಅವನ ಜೊತೆ ಕುಳಿತು, ಅವನ ಮನೆಗೂ ಎಷ್ಟು ಇಟ್ಟಿಗೆ ಬೇಕು ಎಂದು ಕೇಳಿದೆ. ಅದು ಬೇರೆ ಕಥೆ, ಇನ್ನೂ ಬುನಾದಿಯಲ್ಲಿದೆ.

ಜಗಳ ಮುಗಿಯಿತು ಎಂದು ತಿಳಿಯಬೇಡಿ. ಬಾಗಿಲು ಯಾವ ಕಡೆಗೆ ಎಂಬುದರ ಮೇಲೆ ಎರಡು ದಿನ ಮಾತುಕತೆ ನಡೆಯಿತು. ಮುಂದಕ್ಕೆ ಇಟ್ಟರೆ ಬೀದಿಗೆ ಕಾಣುತ್ತದೆ. ಎಡಕ್ಕೆ ಎಂದರೆ ಮೈದುನ ಒಪ್ಪ, ಬಲಕ್ಕೆ ಎಂದರೆ ಅಳಿಯ ಒಪ್ಪ. ಕೊನೆಗೆ ಹಿಂದಕ್ಕೆ ಎಂದು ಮುದುಕಿಯರೇ ತೀರ್ಮಾನ ಮಾಡಿದರು. ಅಲ್ಲಿಗೆ ಹೋಗಲು ಎರಡೂ ಮನೆಯ ಹಿಂದಿನ ಗೋಡೆಗೆ ಹೊಸದಾಗಿ ಒಂದೊಂದು ಬಾಗಿಲು ಒಡೆಸಿದರು. ಸವೆದ ಮೊಣಕಾಲುಗಳಿಗೆಂದು ಕುಳಿತುಕೊಳ್ಳುವ ಕಮೋಡನ್ನು ನಾನು ರಾಯಚೂರಿನಿಂದ ಒಯ್ದೆ, ಜೊತೆಗೆ ಹಿಡಿದು ಏಳಲು ಒಂದು ಕಬ್ಬಿಣದ ಸರಳು. ಬಸ್ಸಿನಲ್ಲಿ ಕಮೋಡನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡು ಕುಳಿತ ನನ್ನನ್ನು ನೋಡಿ ಕಂಡಕ್ಟರು ಅರ್ಧ ಟಿಕೆಟ್ ಹರಿಯಲೇ ಎಂದು ಕೇಳಿದ. ಕ್ಯಾಮೆರಾ ವಾಪಸ್ ಕೊಡಲು ಹೋದಾಗ ಅಂಗಡಿಯವನು ತೆಗೆದುಕೊಳ್ಳಲಿಲ್ಲ. "ಕೊಡೋದಷ್ಟ ನಮ್ಮ ರಿವಾಜ್ ಸಾಬ್," ಎಂದ. ಬಂದೂಕು ಮಾರುವ ದೊಡ್ಡ ದೊಡ್ಡ ಕಂಪನಿಗಳದ್ದೂ ಇದೇ ರಿವಾಜು ಇರಬೇಕು.

ನೀರಿನ ಡ್ರಮ್ಮು ತುಂಬಿಸಲು ಸರದಿ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಸೋಮ, ಬುಧ, ಶುಕ್ರ ಅಳಿಯ. ಮಂಗಳ, ಗುರು, ಶನಿ ಮೈದುನ. ಭಾನುವಾರ ನಾನಿದ್ದರೆ ನಾನು. ಇಬ್ಬರೂ ಇನ್ನೂ ನೇರವಾಗಿ ಮಾತಾಡುವುದಿಲ್ಲ. ಆದರೆ ಒಬ್ಬ ಮರೆತರೆ ಇನ್ನೊಬ್ಬ ನನಗೆ ಫೋನು ಮಾಡಿ ದೂರು ಹೇಳುತ್ತಾನೆ. ಬಳಸುವವರಿಗೂ ಒಂದು ವೇಳಾಪಟ್ಟಿ ಮಾಡಿದ್ದೆ, ಅಕ್ಕನಿಗೆ ಐದರಿಂದ ಐದೂ ಹತ್ತು, ನೆಗೆಣ್ಣಿಗೆ ಐದೂ ಹದಿನೈದರಿಂದ ಎಂದು. ಅದನ್ನು ಮುದುಕಿಯರು ಒಲೆಗೆ ಹಾಕಿದರು.

ಕಟ್ಟಿ ಮುಗಿದ ಮೇಲಿನ ಎರಡನೆಯ ಭಾನುವಾರ ಹೋದಾಗ ಅಕ್ಕ ಮನೆಯಲ್ಲಿ ಕಾಣಲಿಲ್ಲ. ಹಿತ್ತಲಿಗೆ ಹೋದೆ. ಮುಚ್ಚಿದ ಬಾಗಿಲ ಮುಂದೆ ನೆಗೆಣ್ಣಿ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು, ಅವಳ ಕಾಲ ಬಳಿ ನಾಯಿ.

"ನೋಡ್ರಿ ನಿಮ್ಮಕ್ಕನ್ನ. ಒಳಗ ಹೋಗಿ ಯಾ ಹೊತ್ತಾತು. ನನ್ನ ಪಾಳಿ ಅದ ಈಗ."

ನಾನು ಗಂಟಲು ಸರಿಮಾಡಿಕೊಂಡೆ. "ಯಕ್ಕಾ, ನಾನು. ವ್ಯಾಳ್ಯಾ ಆಗ್ಯದ."

"ತಮ್ಮಾ, ಬಂದೇನು?" ಒಳಗಿನಿಂದ ಅಕ್ಕನ ಧ್ವನಿ ನಿರಾಳವಾಗಿತ್ತು. "ಅಲ್ಲೇ ಕುಂದ್ರು. ಹುಟ್ಟಿದಾಗಿಂದ ಯಾರರ ಬರ್ತಾರ, ಯಾರರ ಬರ್ತಾರ ಅಂತ ಎದ್ದು ಓಡೀನಿ. ಇವತ್ತ ಓಡಂಗಿಲ್ಲ. ಪೇಪರ್ ತಂದಿಯಿಲ್ಲ? ಓದು."

"ಇಲ್ಲಿ?"

"ಗ್ವಾಡಿ ಗಟ್ಟಿ ಅದ, ಜೋರಾಗಿ ಓದು."

ನಾನು ಒಂದು ಕಲ್ಲಿನ ಮೇಲೆ ಕುಳಿತು ಪತ್ರಿಕೆ ಬಿಡಿಸಿದೆ. ನೆಗೆಣ್ಣಿ ನನ್ನ ಹಿಂದೆ ಬಂದು ಭುಜದ ಮೇಲಿಂದ ಬಗ್ಗಿ, ಯಾವ ಸುದ್ದಿ ಎಲ್ಲಕ್ಕಿಂತ ಸಣ್ಣದು, ಅದನ್ನೇ ಓದಿ ಮುಗಿಸ್ರಿ ಎಂದು ಪಿಸುಗುಟ್ಟಿದಳು.